ಹುಬ್ಬಿನ ರಿಂಗು

“ಬಿಡಮ್ಮಾ... ಕೈ ಬಿಡು!”

ಮಗ ವಾರ್ಡಿನೊಳಗೆ ಓಡಿ ಬರುವಷ್ಟರಲ್ಲಿ ರಕ್ತ ನರ್ಸಿನ ಕೆನ್ನೆಗಿಳಿದಿತ್ತು. ದಿಂಬು ಸರಿಪಡಿಸಲು ಬಗ್ಗಿದವಳ ಹುಬ್ಬಿನ ರಿಂಗಿಗೆ ಮರೆವಿನ ಕಾಯಿಲೆಯ ಮುದುಕಿ ಬೆರಳು ಸಿಕ್ಕಿಸಿ ಎಳೆದಿದ್ದಳು. ಅವನು ತಾಯಿಯ ಬೆರಳನ್ನು ಮೆಲ್ಲನೆ ಬಿಡಿಸಿದ.

“ಏನ್ರೀ ಇದು? ಕೆಲಸಕ್ಕೂ ಇದನ್ನ ಹಾಕ್ಕೊಂಡು ಬರ್ಬೇಕಾ?”

ಗಾಯಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಉರಿಯಿತು. ದಿನಾ ಅಮ್ಮನ ಊಟದ ಹೊತ್ತಿಗೆ ಬಂದು ತನ್ನೊಂದಿಗೆ ಹರಟುತ್ತಿದ್ದ ಇವನೂ ಅಷ್ಟೇ...

ಸೋದರತ್ತೆಯಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂರುವವರ ತನಕ ಎಲ್ಲರದ್ದೂ ಒಂದೇ ರಾಗ. ‘ಒಳ್ಳೇ ಮನೆ ಹುಡುಗೀರು ಹೀಗೆ ಮಾಡ್ಕೋತಾರಾ?’ ಚಿಕ್ಕಂದಿನಲ್ಲಿ ಕಿವಿ ಚುಚ್ಚಿಸಿದಾಗ ಅವಳು ಅತ್ತಿದ್ದಳು, ಮನೆಯವರು ನಕ್ಕಿದ್ದರು. ಹುಬ್ಬು ಚುಚ್ಚಿಸಿಕೊಂಡು ಅವಳು ನಕ್ಕಾಗ ಮನೆಯವರೆಲ್ಲ ಅತ್ತರು! ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿಹೋಗಿತ್ತು.

ಮರುದಿನ ಹೆಡ್ ನರ್ಸ್ ಅವಳನ್ನು ಬಟ್ಟೆ ಮಡಿಸುವ ಕೋಣೆಗೆ ಹಾಕಿದರು.

“ದೂರು ಬಂದಿದೆ ಕಣೇ. ಸದ್ಯ ರೋಗಿಗಳ ಹತ್ರ ಬೇಡ.”

ಯಾರ ದೂರು ಎಂದು ಅವಳು ಕೇಳಲಿಲ್ಲ. ಇನ್ಯಾರದ್ದು!

ಚಾದರ ಮಡಿಸಿ ಮಡಿಸಿ ಭುಜ ಸೋತವು. ಹುಬ್ಬು ಊದಿಕೊಂಡಿತು. ಹರಿದ ಗಾಯದಲ್ಲಿ ರಿಂಗ್ ಇರಬಾರದೆಂದು ಬೇರೆಯವರಿಗಾದರೆ ಗದರಿಸಿ ಹೇಳುತ್ತಿದ್ದಳು. ಆದರೆ ತೆಗೆದರೆ ಸೋತಂತೆ ಎಂಬ ಹಟ... ಕೂದಲು ಮುಂದೆ ಎಳೆದುಕೊಂಡು ಓಡಾಡಿದಳು. ಸಣ್ಣಗೆ ಜ್ವರವೂ ಬಂತು.

ಒಂದು ಸಂಜೆ ಕಾರಿಡಾರಿನಲ್ಲಿ ಮುದುಕಿಯ ಮಗ ಎದುರಾದ. ಲಿಫ್ಟ್ ರಿಪೇರಿ ಮುಗಿಸಿ ನೇರ ಬಂದಿದ್ದ, ಅಂಗಿಯ ತುಂಬ ಗ್ರೀಸ್.

“ಕೀವಾಗಿದೆಯಲ್ರೀ! ಡಾಕ್ಟರಿಗೆ ತೋರಿಸಿದ್ರಾ?”

“ದೂರು ಕೊಟ್ಟೋರಿಗೆ ಯಾಕೆ ಆ ಚಿಂತೆ?”

“ದೂರಾ? ನಾನಾ?” ಅವನು ಕಂಗಾಲಾದ.

ಬಾಗಿಲಲ್ಲಿದ್ದ ಹೆಡ್ ನರ್ಸ್ ತಲೆ ಚಚ್ಚಿಕೊಂಡರು. “ದೂರು ಕೊಟ್ಟಿದ್ದು ಪಕ್ಕದ ಹಾಸಿಗೆಯವರ ಅಳಿಯ ಕಣೇ! ಇವನು ದಿನಾ ಬಂದು ನನ್ನ ತಲೆ ತಿಂತಾನೆ. ಆ ನರ್ಸ್ ಕೈಯಲ್ಲಾದ್ರೆ ಮಾತ್ರ ಅಮ್ಮ ಊಟ ಮಾಡ್ತಾಳೆ, ಅವರನ್ನ ವಾಪಸ್ ಕಳಿಸಿ ಅಂತ.”

ಅವಳು ಅವನತ್ತ ತಿರುಗಿದಳು.

“ಅವತ್ತು ರಕ್ತ ನೋಡಿ ಹೆದರಿಬಿಟ್ಟೆ,” ಅವನೆಂದ. “ಹೆದರಿಕೆ ಬೈಗುಳವಾಗಿ ಬಂತು. ತಪ್ಪಾಯ್ತು ರೀ.”

ಅವಳು ಬೆಂಚಿನ ಮೇಲೆ ಕುಸಿದು ಕುಳಿತು, “ರಿಂಗ್ ತೆಗೆದುಬಿಡಿ,” ಎಂದಳು. ಕೈತೊಳೆದು ಬಂದ ಹೆಡ್ ನರ್ಸ್ ರಿಂಗ್ ಬಿಚ್ಚಿ, ಗಾಯ ಒರೆಸಿ, ಡಾಕ್ಟರನ್ನು ಕರೆಯಲು ಹೋದರು.

“ಯಾರಿಗೂ ಹೆದರಿ ತೆಗೆಸಿದ್ದಲ್ಲ,” ಅವಳು ಕಣ್ಣು ಮುಚ್ಚಿಕೊಂಡೇ ಅಂದಳು. “ವಾಸಿಯಾದ್ಮೇಲೆ ಮತ್ತೆ ಚುಚ್ಚಿಸ್ಕೊಂಡ್ರೂ ಚುಚ್ಚಿಸ್ಕೊಂಡೆ. ಕೆಲಸದ ಹೊತ್ತಲ್ಲಿ ಮಾತ್ರ ಹಾಕಲ್ಲ.”

“ನಾನೂ ಜೊತೆಗೆ ಬರ್ತೀನಿ. ಸೂಜಿ ಕಂಡ್ರೆ ನಂಗೆ ತಲೆ ಸುತ್ತುತ್ತೆ... ಆದ್ರೂ ಬರ್ತೀನಿ.”

ಬಹಳ ದಿನಗಳ ನಂತರ ಅವಳಿಗೆ ನಗು ಬಂತು. “ಅಷ್ಟು ಕಷ್ಟ ಯಾಕೆ?”

“ನೀವಂದ್ರೆ ನಂಗಿಷ್ಟ. ಮದುವೆ ಆಗ್ತೀರಾ ಅಂತ ಕೇಳೋಣ ಅಂತಿದ್ದೆ...”

ಅವಳು ಗೋಡೆಗೆ ತಲೆಯಾನಿಸಿದಳು.

“ಇವತ್ತು ಉತ್ತರ ಕೊಡೋಕೂ ಸುಸ್ತು ಕಣ್ರೀ. ನಾಳೆ ಕೇಳ್ತೀರಾ?”

“ಕೇಳ್ತೀನಿ.”

“ಹೂಂ ಅಂತೀನಿ... ಆದ್ರೂ ಕೇಳಿ.”