ಬೆಚ್ಚನೂರಿನ ಬಂದರು ಖಾಲಿಯಾದ ಬಗೆ

ರೋಲರ್ ಅಕ್ಕನಿಗೆ ನಿದ್ದೆ ಇರಲಿಲ್ಲ. ಒಂಬತ್ತು ತಿಂಗಳಿಂದ ಇರಲಿಲ್ಲ. ಕೆಲಸ ಇತ್ತು, ಊಟ ಇತ್ತು, ನಾಲಿಗೆಯಂತೂ ಹರಿತವಾಗಿಯೇ ಇತ್ತು. ನಿದ್ದೆ ಒಂದಿರಲಿಲ್ಲ.

ನಾವು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದೆವು. ಒದ್ದೆ ಬೆಡ್‌ಶೀಟನ್ನು ಕಾದ ರೋಲರಿನ ಬಾಯಿಗೆ ಕೊಡುವುದು ಅವಳ ಪಾಲಿನ ಕೆಲಸ. ಅಲ್ಲಿ ನಿಂತು ತೂಕಡಿಸಿದರೆ ಕೈ ಹೋಗುತ್ತದೆ. ಆ ತಿಂಗಳು ಎರಡು ಸಲ ಬಲಗೈ ಸುಟ್ಟುಕೊಂಡಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ. ಕೇಳಿದರೆ, "ಒಲೆ ಮುಂದೆ ಇರೋರಿಗೆ ಬಿಸಿ ತಾಗದೆ ಇರುತ್ತಾ" ಎನ್ನುತ್ತಿದ್ದಳು.

ನಿದ್ದೆಗೆಡಿಸಿದ್ದು ಒಂದು ಆಟ. ಫೋನಿನಲ್ಲಿ ಆಡುವ ದ್ವೀಪದಾಟ. ಒಬ್ಬೊಬ್ಬರಿಗೂ ಸಮುದ್ರದ ನಡುವೆ ಒಂದು ದ್ವೀಪ, ಅದರಲ್ಲಿ ಒಂದು ಊರು, ಊರಿಗೊಂದು ಬಂದರು. ಯಾವ ಹೊತ್ತಿನಲ್ಲಿ ಬೇಕಾದರೂ ವೈರಿ ಹಡಗು ಬರಬಹುದು. ನೀವು ಮಲಗಿದ್ದೀರಿ ಎಂದು ಅವು ಕಾಯುವುದಿಲ್ಲ. ಜೊತೆಗಾರರು ತಮ್ಮ ಹಡಗುಗಳನ್ನು ನಿಮ್ಮ ಬಂದರಿನಲ್ಲಿ ಕಾವಲಿಗೆ ನಿಲ್ಲಿಸಬಹುದು. ಅವನ್ನು ಎರಡು ರೀತಿಯಲ್ಲಿ ಹೊರಡಿಸಬಹುದು: ಹಡಗಿನ ಒಡೆಯ ತನ್ನವನ್ನು ತಾನು ವಾಪಸ್ ಕರೆಸಿಕೊಳ್ಳಬಹುದು, ಇಲ್ಲವೆ ಊರಿನ ಒಡೆಯ ಎಲ್ಲರವನ್ನೂ ಒಂದೇ ಸಲ ಮನೆಗೆ ಕಳಿಸಬಹುದು.

ಈ ಹುಚ್ಚು ಹತ್ತಿಸಿದವನು ಅಕ್ಕನ ಗಂಡ, ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ನಮ್ಮ ಬಾಯ್ಲರಣ್ಣ. ತನ್ನ ಊರಿಗೆ ಅವನು ಇಟ್ಟ ಹೆಸರು ಬೆಚ್ಚನೂರು. ಆರು ವಾರ ಹಾಸಿಗೆ ಹಿಡಿದು ಅವನು ತೀರಿಕೊಂಡ ಮೇಲೆ ಅಕ್ಕ ಆ ಊರನ್ನು ವಹಿಸಿಕೊಂಡಳು. ಕಾವಲಿಗೆ ಲಾಂಡ್ರಿ ವ್ಯಾನಿನ ಡ್ರೈವರಣ್ಣ, ಹರಿದ ಬಟ್ಟೆ ಹೊಲಿಯುವ ಟೈಲರ್ ಮಾಮ ಮತ್ತು ನಾನು ನಮ್ಮ ಹಡಗುಗಳನ್ನೆಲ್ಲ ಕೊಟ್ಟಿದ್ದೆವು.

ಬೆಚ್ಚನೂರು ಬಿದ್ದದ್ದು ಒಂದು ಮಂಗಳವಾರ.

ಆವತ್ತು ಬೆಳಿಗ್ಗೆ ಒಂಬತ್ತಕ್ಕೇ ಆಟದ ಎಚ್ಚರಿಕೆ ಗಂಟೆ ಹೊಡೆದಿತ್ತು. ಕರಿಪಟ ಎಂಬ ವೈರಿಯ ಹಡಗುಗಳು ಹನ್ನೊಂದು ನಲವತ್ತಕ್ಕೆ ಬೆಚ್ಚನೂರು ಮುಟ್ಟುತ್ತವೆ. "ಬರಲಿ, ಮುಖ ಮುರ್ಕೊಂಡು ಹೋಗ್ತಾನೆ" ಎಂದ ಟೈಲರ್ ಮಾಮ. ಮೂವರ ಹಡಗು ಒಟ್ಟಿಗೆ ನಿಂತಿದ್ದವು, ಭಯವಿರಲಿಲ್ಲ. ಹತ್ತಕ್ಕೆ ಎಂದಿನಂತೆ ಫೋನುಗಳು ಕಬ್ಬಿಣದ ಬೀರು ಸೇರಿದವು. ಯಂತ್ರಗಳ ನಡುವೆ ಫೋನು ಕೂಡದು. ಬೀಗದ ಕೈ ಸೂಪರ್‌ವೈಸರ್ ಸೊಂಟದಲ್ಲಿ. ಒಂದೂವರೆಗೆ ಊಟದ ಹೊತ್ತಿಗೆ ವಾಪಸ್.

ಒಂದೂವರೆಗೆ ಫೋನು ತೆರೆದ ಅಕ್ಕ ಕೂಗಲಿಲ್ಲ. ಬೆಂಚಿನ ಮೇಲೆ ಕೂತಳು.

"ಊರು ಹೋಯ್ತು. ಬಂದರಲ್ಲಿ ಒಂದೂ ಕಾವಲು ಹಡಗು ಇರಲಿಲ್ಲವಂತೆ."

ನಾನು ನನ್ನ ಫೋನು ನೋಡಿದೆ. ನನ್ನ ಹಡಗುಗಳು ನಡುಸಮುದ್ರದಲ್ಲಿದ್ದವು. ನನ್ನ ದ್ವೀಪದ ಕಡೆಗೇ ಬರುತ್ತಿದ್ದವು. ತಲುಪಲು ಇಪ್ಪತ್ತು ನಿಮಿಷ ಬಾಕಿ.

ಅಕ್ಕ ಬಗ್ಗಿ ನೋಡಿದಳು. "ನೀನೂನಾ?"

"ನಾನು ಕರೆಸಿಲ್ಲ ಅಕ್ಕಾ."

"ಹಾಗಾದ್ರೆ ತಾವೇ ಕಾಲು ಮೂಡಿ ಬಂದ್ವಾ? ಹತ್ತಕ್ಕೆ ಮುಂಚೆ ಎಲ್ಲಾ ಮಾತಾಡ್ಕೊಂಡು ಕರೆಸಿದ್ದೀರಿ. ಮುಂದೆ ನಿಂತು ಮಾಡಿಸಿದ್ದು ಆ ಡ್ರೈವರ್ರು."

ಡ್ರೈವರಣ್ಣನ ಮೇಲೆ ಅವಳಿಗೆ ಸಿಟ್ಟಿತ್ತು. ಹಿಂದಿನ ವಾರ ಅವಳ ಕೈಪಟ್ಟಿ ನೋಡಿ ಅವನು, "ಮುಳುಗಲಿ ಬಿಡಮ್ಮ ಆ ಊರು" ಎಂದಿದ್ದ. ಮೇಲಾಗಿ ವ್ಯಾನ್ ಓಡಿಸುವ ಅವನ ಫೋನು ಬೀರುವಿಗೆ ಹೋಗುವುದಿಲ್ಲ.

ಎರಡು ದಿನ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಅಕ್ಕ ರೋಲರಿನ ಮುಂದೆ ಕಣ್ಣೀರು ಒರೆಸಿಕೊಳ್ಳುತ್ತ ನಿಲ್ಲುತ್ತಿದ್ದಳು. ತೂಕಡಿಕೆಗಿಂತ ಅದು ಅಪಾಯ. ಗುರುವಾರ ಬೆಳಿಗ್ಗೆ ಅವಳೇ ನಮ್ಮ ಮಡಿಸುವ ಮೇಜಿಗೆ ಬಂದಳು.

"ಚೀಟಿಯಕ್ಕಾ, ಯಾರು ಅಂತ ಒಂದು ಹೇಳಿಬಿಡಿ. ಜಗಳ ಆಡಲ್ಲ. ಗೊತ್ತಾದ್ರೆ ಸಾಕು."

ಚೀಟಿಯಕ್ಕನಿಗೆ ಐವತ್ತೆಂಟು. ಪ್ರತಿ ಗಂಟಿಗೂ ಯಾವ ವಾರ್ಡು, ಎಷ್ಟು ಬಟ್ಟೆ, ಎಷ್ಟು ಹೊತ್ತಿಗೆ ಬಂತು ಎಂದು ಚೀಟಿ ಬರೆಯುವುದು ಅವರ ಕೆಲಸ. ಕಾಣೆಯಾದ ಹದಿನೇಳು ಕಂಬಳಿಯನ್ನು ಒಂದು ತುಕ್ಕಿನ ಗುರುತು ಹಿಡಿದು ಪತ್ತೆ ಮಾಡಿದವರು. ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಇನ್ನೊಂದು ತುದಿ ಹಿಡಿಯುವವಳು ನಾನು. ಅವರ ಪತ್ತೇದಾರಿಯಲ್ಲಿಯೂ ನನ್ನ ಕೆಲಸ ಅಷ್ಟೆ, ತುದಿ ಹಿಡಿಯುವುದು.

"ನನಗೆ ಆಟ ಗೊತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡು," ಎಂದರು ಅವರು. "ಮನೇಲಿರುವಾಗ ಕಾವಲು ಹೇಗೆ?"

"ಯಜಮಾನರ ಹಳೇ ಫೋನು ಇದೆಯಲ್ಲ, ಅದರಲ್ಲೂ ಆಟ ತೆರೆದೇ ಇದೆ. ದಿಂಬಿನ ಹತ್ರ ಇಟ್ಕೋತೀನಿ. ಹಡಗು ಬಂದ್ರೆ ಹೊಡ್ಕೊಳ್ಳುತ್ತೆ. ದಿನಾ ಮೂರು ನಾಲ್ಕು ಸಲ ಏಳ್ತೀನಿ."

"ಮನೇಲಿ ಇನ್ಯಾರು?"

"ಅತ್ತೆ ಒಬ್ಬರೇ. ಅವರಿಗೆ ಓದು ಬರಲ್ಲ, ಫೋನು ಅಂದ್ರೇ ಆಗಲ್ಲ. ಹಾಳು ಆಟ, ಹಾಳು ಆಟ ಅಂತ ಬೈತಾನೇ ಇರ್ತಾರೆ. ಪಾಪ, ನನ್ನ ಕೈ ಪಟ್ಟಿ ಕಟ್ಟೋದು ಮಾತ್ರ ಅವರೇ."

"ನಿನ್ನ ಗಂಡ ಮಲಗಿದ್ದಾಗ ಹಗಲು ಯಾರು ನೋಡ್ಕೋತಿದ್ದರು?"

"ಅತ್ತೇನೇ. ನನಗೆ ಡ್ಯೂಟಿ ಇತ್ತಲ್ಲ. ಯಜಮಾನರ ಕೈ ಎರಡೂ ನಡುಗೋದು, ನೀರಿನ ಲೋಟ ಹಿಡಿಯೋಕೂ ಆಗ್ತಿರಲಿಲ್ಲ." ಅಕ್ಕ ಮೂಗೊರೆಸಿಕೊಂಡಳು. "ಆಗಲೂ ಹಗಲು ಹೊತ್ತು ಕರಿಪಟ ಮೂರು ಸಲ ಬಂದ. ಮೂರು ಸಲವೂ ಓಡಿಸಿದರು. ಅಂಥಾ ಊರು ನನ್ನ ಕೈಯಲ್ಲಿ ಹೋಯ್ತು."

ಅವಳು ಹೋದ ಮೇಲೆ ಚೀಟಿಯಕ್ಕ ಒಂದು ಖಾಲಿ ಚೀಟಿ ತೆಗೆದರು. ನನ್ನನ್ನು ಓಡಾಡಿಸಿ ಮೂರು ಸಾಲು ತುಂಬಿಸಿದರು. ಟೈಲರ್ ಮಾಮನ ಹಡಗು ಮನೆ ಸೇರಿದ್ದು ಹನ್ನೊಂದೂವರೆಗೆ, ಬೆಚ್ಚನೂರಿನಿಂದ ದಾರಿ ನಲವತ್ತು ನಿಮಿಷ. ಡ್ರೈವರಣ್ಣನದು ಹನ್ನೆರಡಕ್ಕೆ, ದಾರಿ ಒಂದು ಗಂಟೆ ಹತ್ತು ನಿಮಿಷ. ನನ್ನದು ಒಂದು ಐವತ್ತಕ್ಕೆ, ದಾರಿ ಮೂರು ಗಂಟೆ.

ಅವರು ಚೀಟಿಯನ್ನು ನೋಡುತ್ತ ಒಂದು ಬೆಡ್‌ಶೀಟಿನ ತುದಿ ನನಗೆ ಕೊಟ್ಟರು. ಎರಡು ಮಡಿಕೆ ಆದ ಮೇಲೆ ಕೇಳಿದರು: "ಏನೋ ಮುಚ್ಚಿಟ್ಟಿದ್ದೀಯ. ಏನದು?"

"ಏನಿಲ್ಲ."

"ಏನಿಲ್ಲ ಅನ್ನೋಳು ಅಂಚು ಸೇರಿಸದೆ ಮಡಿಸಲ್ಲ ಕಣೇ."

ಹೇಳಿಬಿಟ್ಟೆ. ಮಂಗಳವಾರವೇ ನನ್ನ ದ್ವೀಪಕ್ಕೆ ಅರವತ್ತು ಹೊರೆ ಸರಕು ಬಂದಿತ್ತು. ಮರ, ಕಲ್ಲು, ಧಾನ್ಯ. ಹೊರಟದ್ದು ಬೆಳಿಗ್ಗೆ ಹತ್ತೂ ಐವತ್ತೈದಕ್ಕೆ, ಬೆಚ್ಚನೂರಿನಿಂದ. ಊರು ಬಿದ್ದ ದಿನವೇ ಅದರ ಉಗ್ರಾಣ ನನ್ನ ಮನೆಯಲ್ಲಿ! ಹೇಳಿದರೆ ಕಳ್ಳಿ ಎನ್ನುತ್ತಾರೆ ಎಂದು ಬಾಯಿ ಹೊಲಿದುಕೊಂಡಿದ್ದೆ.

"ಹೋಗಿ ಆ ಇಬ್ಬರನ್ನೂ ಕೇಳು. ನಿನ್ನದನ್ನ ಮೊದಲು ಹೇಳಿ ಆಮೇಲೆ ಕೇಳು."

ಕೇಳಿದೆ. ಟೈಲರ್ ಮಾಮ ಸೂಜಿಗೆ ದಾರ ಪೋಣಿಸುವವನಂತೆ ಬಹಳ ಹೊತ್ತು ನಟಿಸಿ, "ನಲವತ್ತು ಹೊರೆ" ಎಂದ. ಡ್ರೈವರಣ್ಣನದೂ ನಲವತ್ತು. ಮೂವರೂ ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿಕೊಂಡು ಕೂತಿದ್ದೆವು.

"ನಿನಗೇ ಯಾಕೆ ಜಾಸ್ತಿ?" ಎಂದರು ಚೀಟಿಯಕ್ಕ.

"ಗೊತ್ತಿಲ್ಲ. ನನ್ನದು ಎಲ್ಲಕ್ಕಿಂತ ಚಿಕ್ಕ ಊರು. ಆಡೋರು ಯಾರೂ ಚಿಕ್ಕ ಊರಿಗೆ ಕೊಡಲ್ಲ, ದೊಡ್ಡದಕ್ಕೆ ಕೊಟ್ಟು ಬಲ ಮಾಡ್ತಾರೆ."

ಅವರು ಮಡಿಸಿದ ಬೆಡ್‌ಶೀಟಿನ ಮೇಲೆ ಅಂಗೈ ಸವರಿದರು. "ನಾಳೆ ನಾಲ್ಕು ಗಂಟೆಗೆ ಎಲ್ಲರೂ ಇಲ್ಲಿಗೆ. ಡ್ರೈವರಿಗೆ ಹೇಳು, ಬರ್ತಾ ರೋಲರಿನ ಅತ್ತೆಯವರನ್ನೂ ಕರ್ಕೊಂಡು ಬರಲಿ."

ಶುಕ್ರವಾರ ನಾಲ್ಕಕ್ಕೆ ಯಂತ್ರಗಳು ನಿಂತವು. ಮೇಜಿನ ಸುತ್ತ ಚಹಾ ಲೋಟ ಹಿಡಿದು ನಾವು ನಿಂತೆವು. ಅಕ್ಕನ ಅತ್ತೆಯಾದ ಅಜ್ಜಿಯನ್ನು ಡ್ರೈವರಣ್ಣ ಕೈ ಹಿಡಿದು ವ್ಯಾನಿನಿಂದ ಇಳಿಸಿದ. ಬಂದವರೇ ಸೊಸೆಯ ಪಟ್ಟಿ ಸಡಿಲವಾದದ್ದು ನೋಡಿ ಅಲ್ಲೇ ಬಿಗಿ ಮಾಡತೊಡಗಿದರು.

"ಇವರನ್ನ ಯಾಕೆ ಕರೆಸಿದ್ರಿ? ಮೊಣಕಾಲು ನೋವು ಇವರಿಗೆ," ಎಂದಳು ರೋಲರ್ ಅಕ್ಕ.

"ಹೇಳ್ತೀನಿ. ಮೊದಲು ಡ್ರೈವರ್ ವಿಷಯ," ಎಂದರು ಚೀಟಿಯಕ್ಕ. "ಅವನ ಕೈಯಲ್ಲಿ ಫೋನಿತ್ತು, ನಿಜ. ಆದ್ರೆ ಅವನು ಕರೆಸಬಹುದಾಗಿದ್ದು ಅವನ ಹಡಗು ಮಾತ್ರ. ಇನ್ನಿಬ್ಬರದು ಯಾಕೆ ಹೊರಟ್ವು? ನೀನು ಅಂದೆ, ಹತ್ತಕ್ಕೆ ಮುಂಚೆ ಮಾತಾಡ್ಕೊಂಡು ಕರೆಸಿದ್ರು ಅಂತ. ಟೈಲರಿನ ಹಡಗಿಗೆ ದಾರಿ ನಲವತ್ತು ನಿಮಿಷ. ಹತ್ತಕ್ಕೆ ಮುಂಚೆ ಹೊರಟಿದ್ರೆ ಹತ್ತೂ ನಲವತ್ತರೊಳಗೆ ಮನೇಲಿರಬೇಕಿತ್ತು. ಬಂದದ್ದು ಹನ್ನೊಂದೂವರೆಗೆ. ದಾರಿ ಕಳೆದರೆ ಹೊರಟದ್ದು ಹತ್ತೂ ಐವತ್ತು. ಡ್ರೈವರಿಂದೂ ಕಳೆದು ನೋಡು, ಹತ್ತೂ ಐವತ್ತು. ಈ ಹುಡುಗಿದೂ ಹತ್ತೂ ಐವತ್ತು."

ಟೈಲರ್ ಮಾಮ ಬೆರಳು ಮಡಿಸಿ ಲೆಕ್ಕ ಹಾಕಿ ತಲೆಯಾಡಿಸಿದ.

"ಆ ಹೊತ್ತಿಗೆ ಟೈಲರಿಂದು, ಇವಳದು, ನಿನ್ನದು, ಎಲ್ಲಾ ಫೋನೂ ಬೀರುವಿನಲ್ಲಿ. ಮೂರು ಬೇರೆ ಬೇರೆ ಕೈ ಒಂದೇ ನಿಮಿಷಕ್ಕೆ ಒತ್ತಲ್ಲ. ಒತ್ತಿದ್ದು ಒಂದೇ ಕೈ. ಎಲ್ಲರವನ್ನೂ ಒಟ್ಟಿಗೆ ಕಳಿಸಬಹುದಾದ್ದು ಊರಿನ ಒಡೆಯ ಮಾತ್ರ. ಅಂದ್ರೆ ಬೆಚ್ಚನೂರಿನ ಒಳಗಿಂದ."

"ನಾನಾ? ನಾನೇ ಯಾಕೆ..."

"ನೀನಲ್ಲ. ಬೆಚ್ಚನೂರಿಗೆ ಎರಡು ಬಾಗಿಲು. ಒಂದು ಬೀರುವಿನಲ್ಲಿತ್ತು, ಇನ್ನೊಂದು ನಿನ್ನ ದಿಂಬಿನ ಹತ್ರ."

ಅಕ್ಕ ಅತ್ತೆಯ ಕಡೆ ನೋಡಿ ನಕ್ಕಳು. "ಇವರಿಗೆ ಫೋನು ಎತ್ತೋಕೇ ಬರಲ್ಲ."

"ನೀರಿನ ಲೋಟ ಹಿಡಿಯದ ಕೈ ಮೂರು ಸಲ ಹಡಗು ಓಡಿಸಿತಾ?" ಚೀಟಿಯಕ್ಕ ದನಿ ಇಳಿಸಿದರು. "ನಿನ್ನ ಗಂಡ ಹೇಳಿದಾನೆ, ಬೇರೆ ಯಾರೋ ಒತ್ತಿದಾರೆ. ಹಗಲು ಹೊತ್ತು ಪಕ್ಕದಲ್ಲಿ ಇದ್ದೋರು ಒಬ್ಬರೇ. ಆಮೇಲೆ ಸರಕು. ಊರು ಹಾಳು ಮಾಡೋನು ಉಗ್ರಾಣ ದೋಚ್ತಾನೆ, ಹಂಚಲ್ಲ. ಇಲ್ಲಿ ಮೂವರಿಗೂ ಹಂಚಿದೆ, ಚಿಕ್ಕೋಳಿಗೆ ಒಂದು ಸೌಟು ಜಾಸ್ತಿ. ಇದು ಆಟ ಆಡೋರ ಲೆಕ್ಕ ಅಲ್ಲ. ಬಡಿಸೋರ ಲೆಕ್ಕ."

ಅಜ್ಜಿ ಪಟ್ಟಿಯ ಗಂಟು ಹಾಕಿ ಮುಗಿಸಿದರು.

"ಲಂಗರಿನ ಚಿತ್ರ ಒತ್ತಿದ್ರೆ ಮನೆಗೆ ಹೋಗ್ತವೆ," ಎಂದರು. "ನನ್ನ ಮಗನೇ ಕಲಿಸಿದ್ದು. ವ್ಯಾನಿನ ಚಿತ್ರ ಇವನದು, ಕತ್ತರಿ ಚಿತ್ರ ಅವನದು. ಈ ಹುಡುಗಿದು ಗುಬ್ಬಿ. ‘ಅಮ್ಮಾ, ಇವಳ ಊರಲ್ಲಿ ಇನ್ನೂ ಗುಡಿಸಲೇ ಇದೆ’ ಅಂತ ನಗೋನು. ಅಕ್ಷರ ಎಲ್ಲಿ ಬೇಕು ಅದಕ್ಕೆ."

ರೋಲರ್ ಅಕ್ಕ ಕೈ ಎಳೆದುಕೊಂಡಳು. "ಹಾಳು ಆಟ ಅಂತಿದ್ರಿ!"

"ನಿನ್ನ ಮುಂದೆ ಅಂತಿದ್ದೆ. ಹೊಗಳಿದ್ರೆ ಇನ್ನೂ ಎರಡು ಸಲ ಏಳ್ತಿದ್ದೆ."

"ನಿಮ್ಮ ಮಗ ಕಟ್ಟಿದ ಊರು ಅತ್ತೇ ಅದು."

"ಹೌದು. ಕಟ್ಟುವಾಗ ನೀನು ಡ್ಯೂಟಿಲಿದ್ದೆ, ನಾನು ಪಕ್ಕದಲ್ಲಿದ್ದೆ. ಒಂದೊಂದು ಗೋಡೆನೂ ಈ ಬೆರಳಲ್ಲಿ ಒತ್ತಿದೀನಿ." ಅವರು ಬಲಗೈಯ ತೋರುಬೆರಳು ಎತ್ತಿ ತೋರಿಸಿದರು. "ನಿನ್ನ ಕೈ ಎರಡು ಸಲ ಬೆಂದು ಬಂತು. ಮೂರನೇ ಸಲ ಪಟ್ಟಿ ಕಟ್ಟೋಕೆ ಕೈಯೇ ಇರಲ್ಲ ಅನ್ನಿಸ್ತು. ಆವತ್ತು ಫೋನು ಹೊಡ್ಕೊಂಡಿತು. ನೋಡಿದೆ, ಬರ್ತಿದಾನೆ. ಪರರ ಹಡಗು ಯಾಕೆ ಮುಳುಗಬೇಕು ಅಂತ ಕಳಿಸಿದೆ. ಕಾಳು ಕಡ್ಡಿ ಯಾಕೆ ವೈರಿ ಪಾಲಾಗ್ಬೇಕು ಅಂತ ಹಂಚಿದೆ. ಆಮೇಲೆ ಫೋನು ಕವುಚಿ ಹಾಕಿ ಪಾತ್ರೆ ತೊಳೆಯೋಕೆ ಹೋದೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬಿಡ್ತಿದ್ಯಾ?"

ಅಕ್ಕ ಲೋಟವನ್ನು ಮೇಜಿಗೆ ಕುಕ್ಕಿದಳು. ಕ್ಷಮಿಸಿದಂತೆ ಕಾಣಲಿಲ್ಲ. ಮುಖ ಕೆಂಪಾಗಿತ್ತು.

"ಕೇಳಬೇಕಿತ್ತು," ಎಂದರು ಚೀಟಿಯಕ್ಕ, ಅಜ್ಜಿಗೆ. "ಬಿಡ್ತಿರಲಿಲ್ಲ ನಿಜ. ಆದ್ರೂ ಕೇಳಬೇಕಿತ್ತು. ಈ ಮೂವರು ಸುಮ್ಮನೆ ಕಳ್ಳರಾದ್ರು."

"ತಪ್ಪಾಯ್ತು," ಎಂದರು ಅಜ್ಜಿ. ಡ್ರೈವರಣ್ಣ ಗಾಬರಿಯಾಗಿ, "ಅಯ್ಯೋ, ಬಿಡೀಮ್ಮ" ಎಂದ. ಟೈಲರ್ ಮಾಮ ತನ್ನ ನಲವತ್ತು ಹೊರೆ ವಾಪಸ್ ಕೊಡಲು ಹೊರಟ. ಕೊಡಲು ಊರು ಇಲ್ಲ ಎಂದು ನಾನು ನೆನಪಿಸಬೇಕಾಯಿತು.

ರೋಲರ್ ಅಕ್ಕ ಯಾರ ಕಡೆಗೂ ನೋಡದೆ ಹೋಗಿ ಒಗೆದ ಕಂಬಳಿಗಳ ರಾಶಿಗೆ ಒರಗಿ ಕೂತಳು. ಅಳುತ್ತಾಳೆ ಎಂದುಕೊಂಡೆ. ಐದು ನಿಮಿಷಕ್ಕೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕಾಲು ಚಾಚಿ ಕೂತು, ಸುಟ್ಟ ಕೈಯನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಎಬ್ಬಿಸಲು ಬಂದ ಸೂಪರ್‌ವೈಸರನ್ನು ಡ್ರೈವರಣ್ಣ ಬಾಗಿಲಲ್ಲೇ ತಡೆದ.

ಯಾವುದು ಕಳೆದರೂ ಚೀಟಿ ಬರೆಯದೆ ಚೀಟಿಯಕ್ಕ ಮನೆಗೆ ಹೋಗುವುದಿಲ್ಲ. ಮಂಗಳವಾರದ ತಾರೀಖು ಹಾಕಿ ಬರೆದು, ತುದಿ ಹಿಡಿಯಲು ನನಗೆ ಕೊಟ್ಟರು. ಕಳೆದದ್ದು: ಊರು, ಒಂದು. ಆ ಊರಿನ ಸ್ವಂತ ಹಡಗು, ಹನ್ನೆರಡು. ಜೊತೆಯವರ ಹಡಗು, ಇಲ್ಲ. ಮಾತಿಲ್ಲದೆ ಹೋದ ದಿನ, ಎರಡು.