ಪ್ರತಿ ಅಪ್ಪುವಾರ

ಫೆಬ್ರುವರಿ 11, ಮಂಗಳವಾರ ಬೆಳಿಗ್ಗೆ ತಿಕೋಟಾದ ರಾಮಲಿಂಗ ವಿಜಯಪುರದ ಸೈಬರ್ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರ್ ಶ್ರೀಮಂತ ಹಲಸಂಗಿ ಮೊದಲು ಸಂಶಯಪಟ್ಟಿದ್ದು ರಾಮಲಿಂಗನನ್ನೇ. ದೂರು ಕೊಡಲು ಬಂದವನು ಏನು ಹೇಳುತ್ತಾನೆ ಅನ್ನುವುದಕ್ಕಿಂತ ಏನು ಹೇಳದೆ ಬಿಡುತ್ತಾನೆ ಅನ್ನುವುದರ ಮೇಲೆ ಹಲಸಂಗಿಯವರ ಕಣ್ಣು.

ರಾಮಲಿಂಗನದು ಒಣದ್ರಾಕ್ಷಿ ಶೆಡ್ಡು. ಮಗಳು ಸುಧಾರಾಣಿಯನ್ನು ಬಬಲೇಶ್ವರದ ಅಪ್ಪು ಎಂಬ ಹುಡುಗನಿಗೆ ಕೊಡುವುದೆಂದು ನಿಶ್ಚಯವಾಗಿ, ಲಗ್ನದ ಕಾರ್ಡುಗಳೂ ಅಚ್ಚಾಗಿದ್ದವು. ಹೋದ ವಾರ ಅಪ್ಪುವಿನ ತಂದೆಯ ಫೋನಿಗೆ ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಮರುದಿನವೇ ಅವರು ನಿಶ್ಚಯ ಮುರಿದುಕೊಂಡರು. ಅಂದಿನಿಂದ ಸುಧಾರಾಣಿ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಶೆಡ್ಡಿನಲ್ಲಿ ಹೆಣ್ಣಾಳುಗಳು ರಾಮಲಿಂಗನನ್ನು ಕಂಡೊಡನೆ ಮಾತು ನಿಲ್ಲಿಸುತ್ತಾರೆ.

ಕಾನ್‌ಸ್ಟೆಬಲ್ ನಿಖತ ಮೆಸೇಜನ್ನು ಅಚ್ಚು ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮ ಮಗ ಅಪ್ಪುಗೆ ನೋಡಿದ ಹುಡುಗಿ ಸುಧಾರಾಣಿಗೆ ಸಣ್ಣಂದಿನಿಂದ ಫಿಟ್ಸ್ ಇದೆ. ಮನೆಯವರು ಮುಚ್ಚಿಟ್ಟಿದ್ದಾರೆ. ಪ್ರತಿ ಅಪ್ಪುವಾರ ಸುಧಾರಾಣಿ ಕಾರ್ಯಕರ್ತೆ ಅವರ ಮನೆಗೆ ಬಂದು ಗುಳಿಗೆ ಕೊಟ್ಟು ಹೋಗುತ್ತಾಳೆ. ಬೇಕಾದರೆ ತಿಕೋಟಾದಲ್ಲಿ ವಿಚಾರಿಸಿ."

"ಖರೇ ಹೇಳ್ರಿ, ಮಗಳಿಗೆ ಫಿಟ್ಸ್ ಅದ ಏನು?" ಎಂದರು ಹಲಸಂಗಿ.

"ಒಮ್ಮಿನೂ ಬಂದಿಲ್ರಿ ಸಾಹೇಬ್ರ."

"ಅಪ್ಪುವಾರ ಅಂದ್ರ ಏನಿದು?"

"ನಂಗೂ ತಿಳಿವಲ್ದರಿ."

ಅಪ್ಪುವಿನ ಮನೆಯವರು ಆ ವಿಚಿತ್ರ ಪದವನ್ನು ಗಮನಿಸಿರಲೇ ಇಲ್ಲ. ಫಿಟ್ಸ್ ಅನ್ನುವ ಒಂದು ಪದ ಅವರಿಗೆ ಸಾಕಾಗಿತ್ತು. ಎಫ್‌ಐಆರ್ ದಾಖಲಾಯಿತು. ಲಗ್ನ ಬೇಡವಾಗಿ ಅಪ್ಪುವೇ ಈ ನಾಟಕ ಹೂಡಿರಬಹುದೆಂದು ಹಲಸಂಗಿ ಅದೇ ಮಧ್ಯಾಹ್ನ ಬಬಲೇಶ್ವರಕ್ಕೆ ಹೋದರು. ಹುಡುಗ ತಲೆ ಎತ್ತದೆ ಕುಳಿತು, ಕೇಳಿದ್ದಕ್ಕೆಲ್ಲ "ಅಪ್ಪಾರು ಹೇಳಿದಂಗ್ರಿ" ಎಂದ. ಅವನ ಫೋನಿನಲ್ಲಿ ಏನೂ ಸಿಗಲಿಲ್ಲ.

ಮೆಸೇಜು ಬಂದ ಸಿಮ್ಮು ಅರಕೇರಿಯ ಮುದುಕವ್ವ ಎಂಬುವಳ ಹೆಸರಿನಲ್ಲಿತ್ತು. ಮರುದಿನ ಜೀಪು ಅಲ್ಲಿಗೆ ಹೋಯಿತು. ಆಡಿಗೆ ಸೊಪ್ಪು ಹಾಕುತ್ತಿದ್ದ ಮುದುಕಿಗೆ ಫೋನು ಹಿಡಿಯುವುದೂ ಗೊತ್ತಿರಲಿಲ್ಲ. ತನ್ನ ಆಧಾರ್ ಯಾರ ಕೈಗೂ ಕೊಟ್ಟಿಲ್ಲವೆಂದು ಆಣೆ ಮಾಡಿದಳು. ಹಲಸಂಗಿ ಬಿಡದೆ ಕೆದಕಿದಾಗ, ಪಿಂಚಣಿ ಅರ್ಜಿಗೆಂದು ಗೋಳಗುಮ್ಮಟದ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದದ್ದು ನೆನಪಾಯಿತು.

"ಹೆಬ್ಬಟ್ಟ ಒತ್ತಿದೆ ಯಪ್ಪಾ. ಹತ್ತಲಿಲ್ಲ ಅಂತ ಎರಡ ಸರತಿ ಒತ್ತಿಸಿದ್ರು."

ಒಂದು ಹೆಬ್ಬೆಟ್ಟು ಪಿಂಚಣಿಗೆ, ಇನ್ನೊಂದು ಸಿಮ್ಮಿಗೆ ಎಂದು ನಿಖತ ಜೀಪಿನಲ್ಲಿ ಹೇಳಿದಳು. ಆದರೆ ಗುಮ್ಮಟದ ಸುತ್ತ ಅಂಥ ಅಂಗಡಿಗಳು ಸಾಲಾಗಿವೆ. ಯಾವುದೆಂದು ಮುದುಕವ್ವಳಿಗೆ ನೆನಪಿರಲಿಲ್ಲ.

ಅದೇ ಸಿಮ್ಮಿನಿಂದ ಇನ್ನೂ ಮೂರು ಮನೆಗಳಿಗೆ ಮೆಸೇಜು ಹೋಗಿತ್ತು. ಎರಡು ಕಡೆ ನಿಶ್ಚಯ ಮುರಿದಿತ್ತು. ಅವರು ಬಾಗಿಲಲ್ಲೇ ನಿಂತು ಮಾತಾಡಿ ಕಳಿಸಿದರು. ಮೂರನೆಯದು ಜೋರಾಪುರ ಪೇಟೆಯ ಹುಸೇನಸಾಬರ ಮನೆ. ಅವರ ಮಗ ಯುನುಸನಿಗೆ ನಾಜಿಯಾ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದರು. ಮೆಸೇಜು ಓದಿಯೂ ಹುಸೇನಸಾಬರು ಠಾಣೆಗೆ ಬಂದಿರಲಿಲ್ಲ, ನಿಶ್ಚಯವೂ ಮುರಿದಿರಲಿಲ್ಲ. ಹಲಸಂಗಿಯವರಿಗೆ ಇದೇ ಸರಿಬರಲಿಲ್ಲ. ನಾಲ್ಕು ಮನೆಗಳಲ್ಲಿ ಪೆಟ್ಟು ಬೀಳದೆ ಉಳಿದದ್ದು ಇದೊಂದೇ.

"ದೂರು ಯಾಕ ಕೊಡ್ಲಿಲ್ಲ?"

"ಹುಡುಗಿ ಹೆಸರ ನಾಕ ಮಂದಿ ಬಾಯಾಗ ಯಾಕ ಹಾಕಬೇಕ್ರಿ" ಎಂದರು ಹುಸೇನಸಾಬರು.

ಹಲಸಂಗಿ ಯುನುಸನನ್ನು ಹೊರಗೆ ಕರೆದು ಬೇರೆಯಾಗಿ ಮಾತಾಡಿಸಿದರು. ಮರಳಿ ಬಂದಾಗ ಅವರ ದನಿ ಮೆತ್ತಗಾಗಿತ್ತು. ಹುಡುಗ ಏನೆಂದನೆಂದು ನಿಖತಳಿಗೆ ಹೇಳಲಿಲ್ಲ.

ಠಾಣೆಯಲ್ಲಿ ನಿಖತ ಎರಡು ಮೆಸೇಜುಗಳನ್ನು ಪಕ್ಕಪಕ್ಕ ಇಟ್ಟಳು. ಒಂದರಲ್ಲಿ "ಪ್ರತಿ ಅಪ್ಪುವಾರ ಸುಧಾರಾಣಿ ಕಾರ್ಯಕರ್ತೆ", ಇನ್ನೊಂದರಲ್ಲಿ "ಪ್ರತಿ ಯುನುಸವಾರ ನಾಜಿಯಾ ಕಾರ್ಯಕರ್ತೆ". ಹೆಸರು, ಊರು ಬಿಟ್ಟರೆ ಉಳಿದದ್ದೆಲ್ಲ ಅಕ್ಷರಕ್ಕೆ ಅಕ್ಷರ ಒಂದೇ. ಪೊಲೀಸ್ ಇಲಾಖೆಗೆ ಬರುವ ಮೊದಲು ಅವಳು ಬಿಸಿಎ ಓದಿದ್ದಳು.

"ಸರ್, ಇದನ್ನ ಕೈಯಿಂದ ಟೈಪ್ ಮಾಡಿಲ್ರಿ. ಒಂದು ಹಳೇ ಬರಹ ಇಟ್ಕೊಂಡಾನ. ಈ ಹೆಸರ ಇದ್ದಲ್ಲಿ ಆ ಹೆಸರ, ಈ ಊರ ಇದ್ದಲ್ಲಿ ಆ ಊರ ಅಂತ ನಾಕೈದು ಪದ ಒಮ್ಮೆಲೆ ಬದಲ ಮಾಡೂ ಪ್ರೋಗ್ರಾಮ್ ಓಡಿಸ್ಯಾನ. ಪದ ಪೂರ್ತಿ ಇದ್ದರಷ್ಟ ಬದಲ ಮಾಡು ಅಂತ ಹೇಳದಿದ್ರ, ಆ ಅಕ್ಷರ ಎಲ್ಲಿ ಕಂಡ್ರೂ ಯಂತ್ರ ಬದಲ ಮಾಡತದ. ಬ್ಯಾರೆ ಪದದ ಹೊಟ್ಟ್ಯಾಗ ಇದ್ದರೂ."

ಹಲಸಂಗಿ ಎರಡೂ ಹಾಳೆಗಳಲ್ಲಿ ಕಾರ್ಯಕರ್ತೆ ಎಂಬ ಪದದ ಹಿಂದಿನ ಹೆಸರಿನ ಮೇಲೆ ಬೆರಳಿಟ್ಟರು.

"ಅಂದ್ರ ಹಳೇ ಬರಹದಾಗ ಇದು ಆಶಾ ಕಾರ್ಯಕರ್ತೆ. ಹುಡುಗಿ ಹೆಸರೂ ಆಶಾ."

"ಹೌದ್ರಿ. ಹುಡುಗನ ಹೆಸರು ಯಾವುದೋ ವಾರದಾಗ ಸೇರಿಕೊಂಡದ. ರವಿ ಇರಬಹುದು, ಗುರು ಇರಬಹುದು, ಸೋಮ ಇರಬಹುದು."

ಸುಳ್ಳು ಮೆಸೇಜುಗಳ ಅಡಿಯಲ್ಲಿ ಒಂದು ನಿಜವಾದ ಮೆಸೇಜು ಇತ್ತು. ನಿಜವಾದ ಗುಳಿಗೆ, ಅದನ್ನು ಕೊಟ್ಟ ನಿಜವಾದ ಕಾರ್ಯಕರ್ತೆ ಇದ್ದಳು. ಆಶಾ ಎಂಬ ಹುಡುಗಿಗೆ ಫಿಟ್ಸ್ ಗುಳಿಗೆ ಕೊಟ್ಟವರು ಯಾರೆಂದು ತಿಕೋಟಾ, ಬಬಲೇಶ್ವರ ಕಡೆಯ ಆಶಾ ಕಾರ್ಯಕರ್ತೆಯರನ್ನು ಎರಡು ದಿನ ವಿಚಾರಿಸಿದರು. ರೋಗಿಯ ವಿಷಯ ಹೇಳುವುದಿಲ್ಲವೆಂದು ಎಲ್ಲರೂ ಬಾಯಿ ಬಿಗಿ ಹಿಡಿದರು. ಕಡೆಗೆ ಬಬಲೇಶ್ವರದ ಶಹಜಾದಿ, ಇನ್ನೂ ಹುಡುಗಿಯರಿಗೆ ಇದೇ ಗತಿ ಬರಬಹುದೆಂದು ನಿಖತ ತಿಳಿಸಿ ಹೇಳಿದ ಮೇಲೆ, ಮಾತಾಡಿದಳು. ಐದು ವರ್ಷದ ಹಿಂದೆ ತಮ್ಮ ಓಣಿಯಲ್ಲಿ ಆಶಾ ಎಂಬುವಳಿದ್ದಳು, ಮೆಸೇಜು ಬಂದೇ ಅವಳ ಲಗ್ನ ಮುರಿಯಿತು, ಆಮೇಲೆ ಜನ ತನ್ನನ್ನೂ ದೂರಿದರು ಎಂದಳು.

"ಗುಳಿಗಿ ಯಾವ ವಾರ ಕೊಡತಿದ್ರಿ?"

"ಗುರುವಾರ್ರಿ. ಅವತ್ತ ಆ ಓಣಿ ನಂದು."

ಆಶಾ ಈಗ ಬಬಲೇಶ್ವರದಲ್ಲೇ ಹೊಲಿಗೆ ಕಲಿಸುತ್ತಿದ್ದಳು. ತನ್ನ ಲಗ್ನ ಮುರಿದ ಹೊಟ್ಟೆಕಿಚ್ಚಿಗೆ ಇವಳೇ ಮಾಡಿರಬೇಕೆಂದು ಹಲಸಂಗಿ ಅರ್ಧ ತೀರ್ಮಾನಿಸಿಯೇ ಹೋಗಿದ್ದರು. ಅವರು ಕೇಳುವ ಮೊದಲೇ ಅವಳು ತನ್ನ ಫೋನು ತೆಗೆದು ಮುಂದಿಟ್ಟಳು. ಸುಧಾರಾಣಿಯ ಬಗ್ಗೆ ಬಂದ ಮೆಸೇಜು ಓದುತ್ತಿದ್ದಂತೆ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಐದು ವರ್ಷದ ಹಿಂದೆ ಇದೇ ಮಾತುಗಳನ್ನು ತನಗೆ ಗೊತ್ತಾಗಿದ್ದ ಹುಡುಗನ ಸೋದರಮಾವ ತಮ್ಮ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ್ದನೆಂದಳು. ಅದನ್ನು ಯಾರು ಬರೆದರೆಂದು ಇಂದಿಗೂ ಗೊತ್ತಾಗಿಲ್ಲ.

"ಹುಡುಗನ ಹೆಸರು?"

"ಗುರು. ಗುರಣ್ಣ. ಗುಮ್ಮಟದ ಕಡೆ ಯಾಕೂಬ ಅನ್ನಾವರ ಪ್ರೆಸ್ನ್ಯಾಗ ಲಗ್ನದ ಕಾರ್ಡ್ ಮಾಡತಾನಂತ."

"ನೀವು ರೋಗ ಮುಚ್ಚಿಟ್ಟಿದ್ರೇನು?"

"ಅವಗ ನಾ ಮೊದಲ ಹೇಳಿದ್ದೆ ಸರ್. ಇಬ್ಬರ ಇದ್ದಾಗ ಹೇಳಿದ್ದೆ. ಇರಲಿ ಬಿಡು ಅಂದಿದ್ದ."

ನಡುಮನೆಯಲ್ಲಿ ಮೆಸೇಜು ಓದುವಾಗ ಅವನೆಲ್ಲಿದ್ದ ಎಂದು ನಿಖತ ಕೇಳಿದಳು. ಅಲ್ಲೇ ಇದ್ದ ಎಂದಳು ಆಶಾ. ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಳು.

ನಿಖತ ನಾಲ್ಕೂ ಮನೆಗಳಿಗೆ ಫೋನು ಮಾಡಿದಳು. ನಾಲ್ಕೂ ಲಗ್ನದ ಕಾರ್ಡು ಯಾಕೂಬನ ಪ್ರೆಸ್ಸಿನಲ್ಲೇ ಅಚ್ಚಾಗಿದ್ದವು. ಅಲ್ಲೇ ಜೆರಾಕ್ಸು, ಪಿಂಚಣಿ ಅರ್ಜಿ, ಸಿಮ್ಮು ಮಾರಾಟ.

ಫೆಬ್ರುವರಿ 17ರ ಮಧ್ಯಾಹ್ನ ಇಬ್ಬರು ಪಂಚರ ಜೊತೆ ಹಲಸಂಗಿ ಪ್ರೆಸ್ಸಿಗೆ ಹೋದರು. ಮಾಲೀಕ ಯಾಕೂಬ ಬೆವರಿದ, ತನಗೇನೂ ಗೊತ್ತಿಲ್ಲವೆಂದು ಕೇಳದಿದ್ದರೂ ಹೇಳಿದ. ಒಳಗೆ ಕಂಪ್ಯೂಟರಿನ ಮುಂದಿದ್ದ ತೆಳ್ಳನೆಯ ಯುವಕ ಮಾತ್ರ ಪೊಲೀಸರನ್ನು ನೋಡಿ ಎದ್ದು ನಿಂತ. ಅವನೇ ಗುರಣ್ಣ. ಹಳೆಯ ಕಾರ್ಡಿನಲ್ಲಿದ್ದ ವಧು, ವರ, ತಂದೆತಾಯಿ, ಊರುಗಳ ಹೆಸರನ್ನು ಒಂದೇ ಸಲಕ್ಕೆ ಬದಲಿಸಿ ಹೊಸ ಕಾರ್ಡು ಮಾಡುವ ಪ್ರೋಗ್ರಾಮನ್ನು ಅವನೇ ಬರೆದಿದ್ದ. ಕಂಪ್ಯೂಟರಿನಲ್ಲಿ ಅದರ ಪಕ್ಕದಲ್ಲೇ ಆ ಹಳೆಯ ಮೆಸೇಜು ಇತ್ತು. ಅದರಲ್ಲಿ ಆಶಾ, ಗುರು, ಗುರುವಾರ ಎಲ್ಲ ತಮ್ಮತಮ್ಮ ಜಾಗದಲ್ಲಿದ್ದವು. ಮೇಜಿನ ಖಾನೆಯಲ್ಲಿ ಮುದುಕವ್ವಳ ಹೆಸರಿನ ಸಿಮ್ಮು ಸಿಕ್ಕಿತು. ಪಂಚನಾಮೆ ಬರೆದು, ಕಂಪ್ಯೂಟರಿಗೆ ಮೊಹರು ಹಾಕಿದರು.

ಠಾಣೆಯಲ್ಲಿ ಗುರಣ್ಣ ಏನನ್ನೂ ಅಲ್ಲಗಳೆಯಲಿಲ್ಲ. ಅದೇ ಹಲಸಂಗಿಯವರ ಸಂಶಯ ಹೆಚ್ಚಿಸಿತು. ಇಷ್ಟು ಸುಲಭಕ್ಕೆ ಒಪ್ಪುವವನ ಹಿಂದೆ ಇನ್ನೊಬ್ಬನಿರುತ್ತಾನೆ. ಇವನ ಹಿಂದೆ ಯಾರೂ ಇರಲಿಲ್ಲ.

"ಕಾರ್ಡಿನ್ಯಾಗೂ ಗುರುವಾರ ಬರತದ. ಒಂದರಾಗೂ ತಪ್ಪಿಲ್ಲ. ಇದರಾಗ ಯಾಕ ತಪ್ಪಿತು?"

"ಕಾರ್ಡ್ ಆದ ಮ್ಯಾಲ ಕುಂತು ಓದಿ ತಿದ್ದತೇನ್ರಿ. ಇದನ್ನ ಓದಲಿಲ್ಲ."

"ಯಾಕ?"

"ನನ್ನ ಕಡಿಂದ ಆಗಲಿಲ್ರಿ."

ಆಮೇಲೆ ನಿಧಾನಕ್ಕೆ ಹೇಳಿದ. ಅಂದು ನಡುಮನೆಯಲ್ಲಿ ಅವನ ತಂದೆ, ಈ ವಿಷಯ ನಿನಗೆ ಗೊತ್ತಿತ್ತೇ ಎಂದು ಎಲ್ಲರ ಮುಂದೆ ಕೇಳಿದ್ದ. ಗೊತ್ತಿರಲಿಲ್ಲ ಎಂದಿದ್ದ ಗುರಣ್ಣ. ಆ ಒಂದು ಮಾತಿಗೆ ಆಶಾ ಮೋಸಗಾತಿಯಾದಳು. ಅವನು ಮತ್ತೆ ಲಗ್ನವಾಗಲಿಲ್ಲ. ದಿನಾ ಬೇರೆಯವರ ಹೆಸರು ಜೋಡಿಸುತ್ತ ಕುಳಿತ. ತನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರೇ, ಇಲ್ಲ ತಾನೊಬ್ಬನೇ ಹೇಡಿಯೇ ಎಂಬ ಯೋಚನೆ ಹತ್ತಿತು. ಅದನ್ನು ನೋಡಬೇಕೆಂದೇ ಕಳಿಸಿದ. ಮೂರು ಮನೆಯವರು ಬಂದು, ಅಚ್ಚಾದ ಕಾರ್ಡು ಇನ್ನು ಬೇಡ, ಲಗ್ನ ನಿಂತಿದೆ ಎಂದು ಹೇಳಿ ಹೋದಾಗ ಎದೆ ಹಗುರಾಗಿತ್ತು.

ಆ ಮೂರು ಲಗ್ನಗಳಲ್ಲಿ ಒಂದು ಸುಧಾರಾಣಿಯದು. ಹಿಂದಿನ ದಿನವಷ್ಟೇ ರಾಮಲಿಂಗ ಠಾಣೆಗೆ ಫೋನು ಮಾಡಿದ್ದ. ಮೆಸೇಜು ಸುಳ್ಳೆಂದು ತಿಳಿದು ಅಪ್ಪುವಿನ ಮನೆಯವರು ಮತ್ತೆ ತಯಾರಾಗಿದ್ದರಂತೆ. ಸುಧಾರಾಣಿ ಒಲ್ಲೆ ಎಂದಿದ್ದಳು.

"ನಾಲ್ಕನೇದು?" ಎಂದರು ಹಲಸಂಗಿ.

"ಮೆಸೇಜ್ ಮುಟ್ಟಿಲ್ಲ ಅಂತ ತಿಳದೇನ್ರಿ."

"ಮುಟ್ಟೇತಿ. ಯುನುಸ ಓದ್ಯಾನ, ಖರೇ ಅಂತನೂ ತಿಳಕೊಂಡಾನ. ಏನ್ ಅಂದ ಗೊತ್ತೇನು? ಗುಳಿಗಿ ತಗೊಳ್ಳೂದ ಆಕಿ ಮರತ್ರ ನಾ ನೆನಪ ಮಾಡತೇನಿ, ಅಷ್ಟ ಅಲ್ಲೇನ್ರಿ, ಅಂದ."

ಗುರಣ್ಣ ಮೇಜಿನ ಅಂಚನ್ನು ಹಿಡಿದುಕೊಂಡ.

ಸಂಜೆ ಬಂಧನದ ಕಾಗದ ತಯಾರಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ, ಮುದುಕವ್ವಳ ಹೆಬ್ಬೆಟ್ಟಿನ ದುರುಪಯೋಗ, ನಾಲ್ಕು ಮನೆಗಳ ವಿವರ ಎಲ್ಲ ಬರೆದು ನಿಖತ ಅವನ ಸಹಿ ತೆಗೆದುಕೊಂಡಳು. ಬಂಧಿಸಿದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂದು ಕೇಳಿದಳು.

"ನಮ್ಮ ಅಪ್ಪಗ ಹೇಳ್ರಿ."

ಅವಳು ನಂಬರು ಒತ್ತಿ ಫೋನನ್ನು ಕಿವಿಗಿಟ್ಟಳು. ಆ ಕಡೆ ಗಂಟೆ ಹೊಡೆಯುತ್ತಿತ್ತು.

"ಮೇಡಮ್ಮರ," ಎಂದ ಗುರಣ್ಣ. "ಇನ್ನೊಂದು ಹೇಳ್ರಿ. ಆಶಾ ಮೊದಲ ಹೇಳಿದ್ಳು, ನಂಗ ಗೊತ್ತಿತ್ತು ಅಂತ ಹೇಳ್ರಿ."