ನಾಲ್ಕು ತಿಂಗಳಿನ ರೋಬೋ

ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಅವಳು ಅಂಗಡಿಗೆ ಬಂದಳು. ಜಂಬದವಳು ಎಂದುಕೊಂಡೆ. ನನ್ನ ಬುದ್ಧಿಯೇ ಅಷ್ಟು, ಮನುಷ್ಯರ ವಿಷಯದಲ್ಲಿ ಯಾವಾಗಲೂ ಅವಸರ. ತಾಳ್ಮೆಯೆಲ್ಲ ಪ್ಲಾಸ್ಟಿಕ್ಕಿಗೆ ಖರ್ಚಾಗಿಬಿಡುತ್ತದೆ.

ನಾನು ಮಾರುವುದು ಮಾಡೆಲ್ ಕಿಟ್. ವಿಮಾನ, ಹಡಗು, ಎಲ್ಲಕ್ಕಿಂತ ಹೆಚ್ಚಾಗಿ ರೋಬೋ. ಡಬ್ಬಿಯೊಳಗೆ ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಒಂದೊಂದನ್ನೇ ಕಟರ್‌ನಲ್ಲಿ ಕತ್ತರಿಸಿ, ಒತ್ತಿ ಜೋಡಿಸಬೇಕು. ಅವಳು ಸೀದಾ ಹೋಗಿ ಎಲ್ಲಕ್ಕಿಂತ ದೊಡ್ಡ ಡಬ್ಬಿಯ ಮುಂದೆ ನಿಂತಳು.

"ಮಗನಿಗಾ ಮೇಡಂ?"

"ನನಗೆ. ಯಾಕೆ, ಕೊಡಲ್ವಾ?"

"ಮೊದಲನೇ ಸಲ ಅನ್ಸುತ್ತೆ."

"ಮುಖದ ಮೇಲೆ ಬರೆದಿದೆಯಾ?"

"ದೊಡ್ಡ ಡಬ್ಬಿ ಮುಂದೆ ನಿಲ್ಲೋರೆಲ್ಲ ಹೊಸಬರೇ. ಅದು ಬೇಡ. ಮೊದಲನೇದು ಚಿಕ್ಕದಿರಬೇಕು. ಅಂಟು ಬೇಡದ್ದು, ಬಣ್ಣ ಹಚ್ಚಬೇಕಿಲ್ಲದ್ದು. ದೊಡ್ಡದು ತೊಗೊಂಡೋರು ಒಂದು ಕಾಲು, ಅರ್ಧ ತಲೆ ಮಾಡಿ ಡಬ್ಬೀನ ಮಂಚದ ಕೆಳಗೆ ತಳ್ತಾರೆ."

"ಪಾಠ ಚೆನ್ನಾಗಿ ಮಾಡ್ತೀರ ಮೇಷ್ಟ್ರೇ." ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. "ಚಿಕ್ಕದಕ್ಕೆ ಎಷ್ಟು ದಿನ ಬೇಕು?"

"ಎರಡು ಸಂಜೆ."

"ಈ ದೊಡ್ಡದಕ್ಕೆ?"

"ನಿಮಗೆ ಒಂದು ವರ್ಷ."

ಅವಳು ಬಲಗೈಯನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟಳು. ಹೆಬ್ಬೆರಳಿನ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು.

"ನರದ ಕಾಯಿಲೆ. ವಾಸಿಯಾಗಲ್ಲ. ಬೆರಳು ಇನ್ನೊಂದು ನಾಲ್ಕು ತಿಂಗಳು ಮಾತು ಕೇಳಬಹುದು ಅಂದಿದ್ದಾರೆ ಡಾಕ್ಟರು. ನಾಲ್ಕು ತಿಂಗಳಲ್ಲಿ ಮುಗಿಯೋದು ಕೊಡಿ."

ಅಳತೆ ಹೇಳಿ ಬಟ್ಟೆ ಕೇಳುವವರ ದನಿಯಲ್ಲಿ ಕೇಳಿದಳು. ಹನ್ನೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ಫ್ರೇಮುಗಳಿಗೆ ಸ್ಕ್ರೂ ಕೂರಿಸುತ್ತಿದ್ದಳಂತೆ. ಹಿಂದಿನ ತಿಂಗಳು ಗಿರಾಕಿಯ ಮುಂದೆ ಒಂದೇ ಸ್ಕ್ರೂ ಮೂರು ಸಲ ಕೆಳಗೆ ಬಿತ್ತಂತೆ. ಯಾರೂ ಏನೂ ಅನ್ನುವ ಮೊದಲೇ ಕೆಲಸ ಬಿಟ್ಟು ಬಂದಿದ್ದಳು. ಕೈ ಹೋಗುವ ಮುಂಚೆ ಏನಾದರೊಂದನ್ನು, ಮೊದಲಿನಿಂದ ಕೊನೆಯವರೆಗೆ, ತಾನೇ ಮಾಡಿ ಮುಗಿಸಬೇಕಿತ್ತು ಅವಳಿಗೆ.

ನಾನು ಮಧ್ಯಮ ಅಳತೆಯ ಎರಡು ಡಬ್ಬಿ ತಂದಿಟ್ಟೆ. ಮೂರನೆಯದನ್ನು ಹಿಂದಕ್ಕೆ ಸರಿಸಿದ್ದು ಅವಳ ಕಣ್ಣಿಗೆ ಬಿತ್ತು.

"ಅದನ್ಯಾಕೆ ಬಚ್ಚಿಟ್ರಿ?"

"ಅದರ ಬೆರಳುಗಳೆಲ್ಲ ಬೇರೆ ಬೇರೆ. ಜೋಡಿಸೋದು ಕಷ್ಟ."

"ಮಡಚುತ್ತಾ?"

"ಮಡಚುತ್ತೆ."

"ಅದೇ ಇರಲಿ. ನಮ್ಮಿಬ್ಬರಲ್ಲಿ ಒಬ್ಬರಾದರೂ ಮಡಚಲಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ನಕ್ಕಳು.

ಮನೆಯಲ್ಲಿ ಕೂತು ಮಾಡಿದರೆ ಅಕ್ಕ ನೋಡಿ ಅಳುತ್ತಾಳೆ ಎಂದು ಪ್ರತಿ ಶನಿವಾರ ಮಧ್ಯಾಹ್ನ ನನ್ನ ಅಂಗಡಿಯ ಹಿಂಭಾಗದ ಬೆಂಚಿಗೇ ಬರತೊಡಗಿದಳು. ಮೊದಲು ದೂರದಲ್ಲಿ ಕತ್ತರಿಸಿ, ಆಮೇಲೆ ಹತ್ತಿರ ಕತ್ತರಿಸಿ, ಉಳಿದ ಗಂಟನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಬೇಕೆಂದು ಹೇಳಿಕೊಟ್ಟೆ. ಕತ್ತರಿಸುವುದನ್ನು ಕಲಿತಳು. ಉಜ್ಜಲು ಮಾತ್ರ ಒಪ್ಪಲಿಲ್ಲ. ಕತ್ತರಿಸಿದಲ್ಲೆಲ್ಲ ಬೂದು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಕಲೆ ಉಳಿಯುತ್ತಿತ್ತು. ನಮ್ಮ ಕಸುಬಿನವರಿಗೆ ಆ ಕಲೆ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

"ಯಾಕ್ ಮೇಷ್ಟ್ರೇ, ಹೊಟ್ಟೆನೋವಾ?"

"ಆ ಕಲೆ..."

"ಕಲೆ ನೋಡಬೇಡಿ. ಬೇರೆ ಏನಾದ್ರೂ ನೋಡಿ."

ಅವಳನ್ನೇ ನೋಡಿದೆ. ಕಿವಿಯ ಹಿಂದೆ ಸಿಕ್ಕಿಸಿದ್ದ ಕೂದಲೆಳೆ ಕೆನ್ನೆಗೆ ಜಾರಿತ್ತು. ತುಟಿ ಕಚ್ಚಿಕೊಂಡು ಕತ್ತರಿಸುತ್ತಿದ್ದಳು.

"ಸಾಕು," ಎಂದಳು ತಲೆಯೆತ್ತದೆ, "ಸವೆದುಹೋಗ್ತೀನಿ."

ನನ್ನ ಶನಿವಾರ ಗುರುವಾರದಿಂದಲೇ ಶುರುವಾಗತೊಡಗಿತು. ಪ್ರೀತಿಯೆಂದು ನನಗೆ ಗೊತ್ತಿತ್ತು. ಮುಂದೇನೆಂದೂ ಗೊತ್ತಿತ್ತು. ಆರನೆಯ ವಾರಕ್ಕೆ ಎರಡು ಕಾಲು ಮುಗಿದವು. ಎಂಟನೆಯ ವಾರ ಅವಳು ಕಟರನ್ನು ಎರಡೂ ಕೈಯಲ್ಲಿ ಹಿಡಿದಳು. ಹತ್ತನೆಯ ವಾರ ಅದು ಕೆಳಗೆ ಬಿತ್ತು. ಎತ್ತಿಕೊಡಲು ನಾನು ಬಗ್ಗಿದರೆ ಅದರ ಮೇಲೆ ಕಾಲಿಟ್ಟು, "ನಾನೇ," ಎಂದಳು. ಎತ್ತಿಕೊಳ್ಳುವಷ್ಟರಲ್ಲಿ ಬೆವರಿದ್ದಳು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಮರುವಾರ ಅವಳು ಆಸ್ಪತ್ರೆಗೆ ಹೋಗಿದ್ದಳು. ಆ ಮಧ್ಯಾಹ್ನ ಖಾಲಿ ಬೆಂಚಿನ ಮುಂದೆ ಕೂತು, ಒರಟಿನಿಂದ ನಯದವರೆಗೆ ನಾಲ್ಕು ಬಗೆಯ ಮರಳು ಕಾಗದ ತೆಗೆದುಕೊಂಡು, ಒಂದೊಂದೇ ಕಲೆಯನ್ನು ಉಜ್ಜಿ ತೆಗೆದೆ. ಕಾಲು, ಸೊಂಟ, ಎದೆ. ಅವಳಿಗಾಗಿ ನಾನು ಮಾಡಬಹುದಾದ ಕೆಲಸ ಅದೊಂದೇ ಎಂದು ಖುಷಿಯಾಗಿದ್ದೆ, ಮೂರ್ಖ.

ಮುಂದಿನ ಶನಿವಾರ ಅವಳು ರೋಬೋವನ್ನು ಎರಡೂ ಅಂಗೈ ನಡುವೆ ಎತ್ತಿ, ದೀಪದ ಕೆಳಗೆ ತುಂಬ ಹೊತ್ತು ತಿರುಗಿಸಿದಳು.

"ಇಲ್ಲಿದ್ದ ಕಲೆಗಳು?"

"ಉಜ್ಜಿದೆ. ಹೆಂಗೆ, ನೀಟಾಗಿದೆಯಲ್ವಾ?"

"ಬಲಗಾಲಲ್ಲಿ ಚಿಕ್ಕವಿದ್ವು. ಆಗ ಕೈ ಚೆನ್ನಾಗಿತ್ತು. ಎಡಗಾಲಲ್ಲಿ ಸ್ವಲ್ಪ ದೊಡ್ಡದು. ಎದೆಯಲ್ಲಂತೂ ಕಿತ್ತುಕೊಂಡು ಬಂದಿತ್ತು. ಯಾವ ವಾರ ಎಷ್ಟು ಶಕ್ತಿ ಇತ್ತು ಅಂತ ಬೆರಳಿಟ್ಟು ಹೇಳ್ತಿದ್ದೆ." ದನಿ ಏರಲಿಲ್ಲ. "ನನ್ನ ಕೈ ಮಾಡಿದ್ದು ಅದೊಂದೇ ಕಣೋ. ಉಜ್ಜು ಅಂತ ಯಾರು ಹೇಳಿದ್ರು ನಿನಗೆ?"

ಅವಳು ನನ್ನನ್ನು ಮೊದಲ ಸಲ 'ನೀನು' ಎಂದದ್ದು ಹಾಗೆ. ರೋಬೋವನ್ನು ಬೆಂಚಿನ ಮೇಲೆ ಬಿಟ್ಟು ಹೋದಳು. ಅದಕ್ಕೆ ಇನ್ನೂ ತೋಳುಗಳಿರಲಿಲ್ಲ.

ಐದು ಶನಿವಾರ ಕಾದೆ. ಆರನೆಯದಕ್ಕೆ ಅಂಗಡಿ ಮುಚ್ಚಿ ಅವಳ ಮನೆಗೆ ಹೋದೆ. ಅಕ್ಕ ಬಾಗಿಲು ತೆಗೆದಳು.

"ನೀವೇನಾ ಮೇಷ್ಟ್ರು? ಬನ್ನಿ. ದಿನಾ ಬೈತಾಳೆ ನಿಮ್ಮನ್ನ. ಒಂದು ದಿನಾನೂ ತಪ್ಪಿಸಿಲ್ಲ."

ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅಕ್ಕ ಒಳಗೆ ಹೋದಳು.

"ತಪ್ಪಾಯ್ತು," ಎಂದೆ.

"ತೋಳು?"

"ಚೌಕಟ್ಟಿನಲ್ಲೇ ಇದೆ. ಮುಟ್ಟಿಲ್ಲ."

"ಇನ್ನು ನನ್ನಿಂದ ಆಗಲ್ಲ. ಡಾಕ್ಟರು ಹೇಳಿದ ಲೆಕ್ಕಕ್ಕೇ ಹೋಯ್ತು. ಎಡಗೈನೂ ಹೋಗ್ತಿದೆ. ನೀನು ಜೋಡಿಸಬೇಡ. ಮುಗೀಲಿಲ್ಲ ಅಂದ್ರೆ ಮುಗೀಲಿಲ್ಲ."

"ಆಯ್ತು."

"ಒಳ್ಳೇ ಮನಸ್ಸಿನಿಂದ ಮಾಡಿದ್ದು ಅಂತಾಳೆ ಅಕ್ಕ. ನನಗೆ ಅದೇ ಹೆದರಿಕೆ. ನಾಳೆ ನನ್ನನ್ನೂ ಹಾಗೇ ಉಜ್ಜಿ ನೀಟಾಗಿಡ್ತೀಯ. ನಾನು ಎಲ್ಲಿರ್ತೀನಿ ಆಮೇಲೆ?"

ಗೊತ್ತಿದ್ದದ್ದನ್ನು ಹೇಳಿದೆ.

"ನಿನ್ನನ್ನ ಪ್ರೀತಿಸ್ತೀನಿ."

"ಕನಿಕರ."

"ಕನಿಕರ ಆಗಿದ್ರೆ ಇಷ್ಟು ನಿದ್ದೆ ಕೆಡ್ತಿರಲಿಲ್ಲ."

"ಕೇಳು ಹಾಗಾದ್ರೆ. ಆಮೇಲೆ ಕಾಲು ಹೋಗುತ್ತೆ. ಮಾತು ಹೋಗುತ್ತೆ. ಕೊನೆಗೆ ಉಸಿರು. ಎಲ್ಲ ಸೇರಿ ಮೂರು ವರ್ಷ, ಅದೂ ಅದೃಷ್ಟ ಇದ್ರೆ. ಕೇಳಿಸ್ತಾ?"

"ಕೇಳಿಸ್ತು."

"ಈಗೇನು ಮಾಡ್ತೀಯ?"

"ಮದುವೆ ಆಗ್ತೀಯಾ ಅಂತ ಕೇಳ್ತೀನಿ."

ಅವಳು ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಕಣ್ಣು ತುಂಬಿ ಕೆನ್ನೆಗಿಳಿಯಿತು. ಮಡಿಲಿನಿಂದ ಎಡಗೈ ಒಂದಿಷ್ಟು ಮೇಲೆದ್ದು, ಅರ್ಧಕ್ಕೇ ನಿಂತು, ಮತ್ತೆ ಬಿತ್ತು. ಇನ್ನೊಂದು ಸಲ ಎದ್ದಿತು, ಬಿತ್ತು. ನೀರು ಗಲ್ಲದವರೆಗೆ ಇಳಿಯಿತು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಗಿತ್ತು. ಹಿಂದಕ್ಕೆಳೆದು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಕಷ್ಟದ ಕೆಲಸವನ್ನು ಅದುವರೆಗೆ ನಾನು ಮಾಡಿರಲಿಲ್ಲ.

"ಒರೆಸಲಾ?" ಎಂದು ಕೇಳಿದೆ.

ಅವಳು ನನ್ನ ಕೈಗಳನ್ನು ನೋಡಿದಳು. ಆಮೇಲೆ ಮುಖವನ್ನು. ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವಳು ಮುಖವನ್ನು ನನ್ನ ಕಡೆಗೆ ಚಾಚಿ, "ಒರೆಸು," ಎಂದಳು.